ಮ್ಯಾಲಿಂದು ಬರತೈತ್ರಿ, ಕೆಳಗಿಂದು ನೀವ ತಾಳಕೋಬೇಕು

ಬೆಳಗಿನ ಚಿಗರಿ ಬಸ್ಸಿನಲ್ಲಿ ಸೀಟು ಸಿಗುವುದು ಅಪರೂಪ. ನಿಂತವರಿಗೆ ನೋಡಲು ಎರಡೇ ಜಾಗ. ಒಂದು ಕಿಟಕಿ, ಇನ್ನೊಂದು ಎದುರಿನವರ ಕಾಲು. ನಾನು ಕಾಲು ನೋಡುವವಳು. ಧಾರವಾಡದಿಂದ ಹುಬ್ಬಳ್ಳಿಗೆ 22 ಕಿಲೋಮೀಟರ್. ಅಷ್ಟರಲ್ಲಿ ಹತ್ತಾರು ಜೋಡಿ ಬೂಟು, ಚಪ್ಪಲಿ, ಸ್ಯಾಂಡಲ್ ಓದಿ ಮುಗಿಸಿರುತ್ತೇನೆ. ಚಿಗರಿ ಅಂದರೆ ಜಿಂಕೆ. ಆದರೆ ಅದು ಬಸ್ಸಿನ ಹೆಸರು ಅಷ್ಟೇ. ಒಳಗೆ ನಿಂತವರ ಕಾಲು ನವನಗರ ದಾಟುವ ಹೊತ್ತಿಗೆ ಆನೆಯದಾಗಿರುತ್ತದೆ.

ಎರಡು ಮೂರು ವರ್ಷದಿಂದ ಒಂದು ಸಂಗತಿ ಗಮನಿಸುತ್ತಿದ್ದೇನೆ. ಕಾಲೇಜು ಹುಡುಗ ಹುಡುಗಿಯರ ಕಾಲಲ್ಲಿ ಹಳೇ ಕಾಲದ ಬಾಸ್ಕೆಟ್‌ಬಾಲ್ ಬೂಟುಗಳೇ ಜಾಸ್ತಿ. ಅಸಲಿ ಕೆಲವು, ಫಸ್ಟ್ ಕಾಪಿ ಬಹಳ. ಕೆಲವು ಕಣಕಾಲು ಮುಚ್ಚುವಷ್ಟು ಎತ್ತರ, ಕೆಲವಕ್ಕೆ ಮುಂದೆ ಬೆರಳಿನ ಮೇಲೆ ರಬ್ಬರ್ ಚಿಪ್ಪು. ಹಾಕಿಕೊಂಡವರಲ್ಲಿ ಹೆಚ್ಚಿನವರು ಬಾಸ್ಕೆಟ್‌ಬಾಲ್ ಆಡುವವರಲ್ಲ. ನಿಜವಾಗಿ ಆಡುವವರು ಈಗ ಇವನ್ನು ಹಾಕುವುದೂ ಇಲ್ಲ. ಇವರೆಲ್ಲ ಹುಟ್ಟುವ ಎಷ್ಟೋ ವರ್ಷ ಮೊದಲು ಹುಟ್ಟಿದ ಬೂಟುಗಳು ಇವು. ಕಾನ್ವರ್ಸ್ ಆಲ್ ಸ್ಟಾರ್ 1917ರದು. ಅಡಿಡಾಸ್ ಸೂಪರ್‌ಸ್ಟಾರ್ 1969, ಪೂಮಾ ಕ್ಲೈಡ್ 1973, ನೈಕಿ ಏರ್ ಫೋರ್ಸ್ 1 ಬಂದದ್ದು 1982ರಲ್ಲಿ, ಏರ್ ಜೋರ್ಡನ್ 1 ಬಂದದ್ದು 1985ರಲ್ಲಿ. ನ್ಯೂ ಬ್ಯಾಲೆನ್ಸ್‌ನ 550 ಎಂಬುದು 1989ರಲ್ಲಿ ಬಂದು, ಎಲ್ಲರೂ ಮರೆತು, 2020ರಲ್ಲಿ ಮತ್ತೆ ಎದ್ದು ಕೂತಿತು.

ತಮಾಷೆ ಏನೆಂದರೆ ಇವೆಲ್ಲ ಹುಟ್ಟಿದಾಗ ಆರಾಮಿನ ಬೂಟುಗಳೇ. ಕ್ಯಾನ್ವಾಸ್ ಬೂಟಿನಲ್ಲಿ ಕಾಲು ಜಾರುತ್ತದೆ ಅಂತ ಚರ್ಮದ ಸೂಪರ್‌ಸ್ಟಾರ್ ಬಂತು. ಹಿಮ್ಮಡಿ ನೋಯುತ್ತದೆ ಅಂತ ಏರ್ ಫೋರ್ಸ್‌ನ ತಳದಲ್ಲಿ ಗಾಳಿಯ ಚೀಲ ಇಟ್ಟರು. ಆವತ್ತಿಗೆ ಅದೇ ದೊಡ್ಡ ಸುದ್ದಿ. ಅಂದರೆ ಇವತ್ತು ನಾವು ಸ್ಟೈಲ್ ಅನ್ನುವುದು ಆವತ್ತಿನ ಆರಾಮು. ಇದು ನನಗೆ ಹೊಳೆಯುವ ಹೊತ್ತಿಗೆ ಹಿಮ್ಮಡಿ ಕೆಟ್ಟಿತ್ತು. ಆ ಕಥೆಗೆ ಬರುತ್ತೇನೆ.

ನಾನು ಧಾರವಾಡದಲ್ಲಿ ಡಿಗ್ರಿ ಓದುವಾಗ ಬಾಸ್ಕೆಟ್‌ಬಾಲ್ ಆಡುತ್ತಿದ್ದೆ. 2001ರಿಂದ 2004. ಸಿಮೆಂಟ್ ಕೋರ್ಟು. ಒಂದು ಕಡೆಯ ಬುಟ್ಟಿಗೆ ಬಲೆಯೇ ಇರಲಿಲ್ಲ, ಬಾಲು ಒಳಗೆ ಬಿತ್ತೋ ಹೊರಗೆ ಹೋಯಿತೋ ಅಂತ ಜಗಳ ಆಗುತ್ತಿತ್ತು. ಕಾಲಿಗೆ ನೂರು ಚಿಲ್ಲರೆ ರೂಪಾಯಿಯ ಬಿಳಿ ಕ್ಯಾನ್ವಾಸ್ ಬೂಟು. ರವಿವಾರ ತೊಳೆದು, ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿದರೆ ಸೋಮವಾರಕ್ಕೆ ಹೊಸದು. ತಳ ಎಷ್ಟು ತೆಳು ಅಂದರೆ ಏಪ್ರಿಲ್ ಬಿಸಿಲಿನಲ್ಲಿ ಕೋರ್ಟಿನ ಕಾವು ನೇರ ಅಂಗಾಲಿಗೆ. ಆದರೂ ಒಂದು ದಿನವೂ ಕಾಲು ನೋಯಿತು ಅಂದ ನೆನಪಿಲ್ಲ. ಅದು ಬೂಟಿನ ಗುಣ ಅಂತ ತುಂಬಾ ವರ್ಷ ನಂಬಿಕೊಂಡಿದ್ದೆ. 19ರ ವಯಸ್ಸಿನ ಗುಣ ಅಂತ ಈಗ ಗೊತ್ತಾಗಿದೆ.

ಹಾಸ್ಟೆಲ್‌ನಲ್ಲಿ ನನ್ನ ಗೆಳತಿಯ ಗೋಡೆಯ ಮೇಲೆ ಪತ್ರಿಕೆಯ ನಡುಪುಟದಿಂದ ಬಿಚ್ಚಿದ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಇದ್ದ. ಹಾರಿದವನು ಇನ್ನೂ ಕೆಳಗೆ ಬಂದಿರಲಿಲ್ಲ. ನಾನು ನೋಡುತ್ತಿದ್ದದ್ದು ಅವನ ಕೈಯ ಬಾಲನ್ನಲ್ಲ, ಕಾಲಿನ ಬೂಟನ್ನು. ಅಂಥದ್ದು ನಮಗಲ್ಲ ಅಂತ ಗೊತ್ತಿತ್ತು. ಆಸೆ ಅಂತ ಹೇಳಿಕೊಳ್ಳಲೂ ಇಲ್ಲ.

ಇಪ್ಪತ್ತು ವರ್ಷ ಕಳೆದ ಮೇಲೆ, ಸಂಬಳ ಬಂದ ಒಂದು ಶನಿವಾರ, ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅದು ಎದುರಿಗೆ ಕೂತಿತ್ತು. ಯಾವ ಕಂಪನಿ ಅಂತ ಹೇಳುವುದಿಲ್ಲ. 80ರ ದಶಕದ ಮಾದರಿ, ಬಿಳಿ ಚರ್ಮ, ಗಾಢ ಹಸಿರು ಪಟ್ಟಿ, ಕಣಕಾಲು ಮುಚ್ಚುವ ಎತ್ತರ. ಒಂಬತ್ತು ಸಾವಿರದ ಹತ್ತಿರ ಬೆಲೆ. ಅಂಗಡಿಯ ಹುಡುಗ ಅಲ್ಲೇ ಪಕ್ಕದಲ್ಲಿದ್ದ ಮೆತ್ತನೆಯ ರನ್ನಿಂಗ್ ಶೂ ತೋರಿಸಿ, "ಮೇಡಮ್ಮಾರ, ನಿಮ್ಮ ಏಜಿಗೆ ಇದು ಆರಾಮ ಅನಸ್ತೈತ್ರಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆ ಮಾತು ಅವನು ಆಡಿರದಿದ್ದರೆ ನಾನು ಕೊಳ್ಳುತ್ತಿರಲಿಲ್ಲವೇನೋ.

ಮನೆಯಲ್ಲಿ ಅವ್ವ ಡಬ್ಬಿ ಬಿಚ್ಚುವುದನ್ನು ನೋಡುತ್ತ ಕೂತಿದ್ದಳು. ಹಾಕಿಕೊಂಡು ನಿಂತೆ. "ಯವ್ವಾ, ಇದನ್ನ ಹಾಕ್ಕೊಂಡು ಕಾಲೇಜಿಗೆ ಹೊಂಟಿಯೇನ? ಕಾಲ ಮುರದು ಪ್ಲಾಸ್ಟರ್ ಹಾಕ್ಯಾರಂತ ತಿಳಕೋತಾರ ನೋಡು" ಅಂದಳು. ಕನ್ನಡಿಯಲ್ಲಿ ನೋಡಿದರೆ ಹೌದು, ಸ್ವಲ್ಪ ಹಾಗೇ ಇತ್ತು. ಆದರೆ ನನಗೆ ಕಂಡದ್ದು ಪ್ಲಾಸ್ಟರ್ ಅಲ್ಲ. ಗೋಡೆಯ ಮೇಲಿದ್ದವನ ಕಾಲು.

ಮೊದಲ ವಾರ ಕಚ್ಚಿತು. ಹಿಮ್ಮಡಿಯ ಮೇಲ್ಗಡೆ ಎರಡೂ ಕಾಲಿಗೆ ಗುಳ್ಳೆ. ನಾನು ಹೆದರಲಿಲ್ಲ. ನಮ್ಮ ಮನೆಯಲ್ಲಿ ಚಪ್ಪಲಿ ಕಚ್ಚುವುದು ಹೊಸ ವಿಷಯವೇನೂ ಅಲ್ಲ.

ಅಜ್ಜನದು ಕುಂದಗೋಳ ಕಡೆಯ ಹಳ್ಳಿ. ಅವನು ಜೀವಮಾನವಿಡೀ ಹಾಕಿದ್ದು ಕೊಲ್ಲಾಪುರಿ. ಹೆಸರು ಕೊಲ್ಲಾಪುರಿ ಆದರೂ ಅವನದು ಅಥಣಿಯಲ್ಲಿ ಮಾಡಿದ್ದು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳಿಗೂ ಅದು ಸಿಕ್ಕಿತು. 2025ರಲ್ಲಿ ಮಿಲಾನ್‌ನ ಫ್ಯಾಶನ್ ವೇದಿಕೆಯ ಮೇಲೆ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿ ನಡೆಸಿ, ಗದ್ದಲ ಆದ ಮೇಲೆ ಇದರ ಮೂಲ ಭಾರತದ್ದು ಅಂತ ಒಪ್ಪಿಕೊಂಡಿತಲ್ಲ, ಆಗ ಅಜ್ಜ ಇದ್ದಿದ್ದರೆ ಸುಮ್ನೆ ಒಂದು ಎಲೆ ಅಡಿಕೆ ಹಾಕಿಕೊಂಡು ನಕ್ಕಿರುತ್ತಿದ್ದ. ಹೊಸ ಜೋಡು ತಂದ ದಿನ ಅದಕ್ಕೆ ಎಣ್ಣೆ ಕುಡಿಸುತ್ತಿದ್ದ. ಹಿಂದಿನ ದಿನ ರಾತ್ರಿ ಸವರಿ, ಬೆಳಗ್ಗೆ ಒರೆಸಿ, ಸ್ವಲ್ಪ ಹೊತ್ತು ಅಂಗಳದಲ್ಲೇ ನಡೆದಾಡಿ ಬಿಚ್ಚಿಡುತ್ತಿದ್ದ. "ಹೊಸಾ ಚಪ್ಪಲಿಗೆ ನಮ್ಮ ಕಾಲಿನ ಪರಿಚಯ ಇರೂದಿಲ್ಲ. ಎಂಟ ದಿನ ಕಚ್ಚತೈತಿ. ಆಮ್ಯಾಲೆ ಹೇಳಿದಂಗ ಕೇಳತೈತಿ" ಅನ್ನುತ್ತಿದ್ದ. ನಿಜವಾಗಿಯೂ ಕೇಳುತ್ತಿತ್ತು. ಎರಡು ತಿಂಗಳಾದ ಮೇಲೆ ಅವನ ಚಪ್ಪಲಿ ಬೇರೆ ಯಾರಿಗೂ ಹೊಂದುತ್ತಿರಲಿಲ್ಲ. ಹೆಬ್ಬೆರಳಿನ ಜಾಗ, ಹಿಮ್ಮಡಿಯ ಜಾಗ ಎಲ್ಲ ತಗ್ಗು ಬಿದ್ದು ಅಜ್ಜನ ಪಾದದ ಪಡಿಯಚ್ಚು.

ಅದೇ ನಂಬಿಕೆಯ ಮೇಲೆ ನಾನೂ ಕಾದೆ. ಒಳಗೆ ದಪ್ಪ ಕಾಲುಚೀಲ ಹಾಕಿದೆ. ಮೇಲಿನ ಎರಡು ತೂತಿಗೆ ಲೇಸ್ ಹಾಕುವುದು ಬಿಟ್ಟೆ. ಮೂರನೇ ವಾರದ ಹೊತ್ತಿಗೆ ಚರ್ಮ ಮಾತು ಕೇಳಿತು. ಬೆರಳು ಮಡಚುವ ಕಡೆ ನೆರಿಗೆ ಬಿತ್ತು, ಕಣಕಾಲಿನ ಹತ್ತಿರ ಮೆತ್ತಗಾಯಿತು. ಗುಳ್ಳೆ ಮಾಯವಾಯಿತು. ಗೆದ್ದೆ ಅಂದುಕೊಂಡೆ.

ತಳ ಮಾತ್ರ ಕೇಳಲಿಲ್ಲ. ಅದು ಕೇಳುವ ಜಾತಿಯದೇ ಅಲ್ಲ ಅಂತ ಆಮೇಲೆ ತಿಳಿಯಿತು. ಈ ಬೂಟುಗಳ ತಳ ಬಟ್ಟಲಿನ ಹಾಗೆ ಅಚ್ಚು ಹಾಕಿದ ರಬ್ಬರು. ಚರ್ಮದ ಮೇಲ್ಭಾಗವನ್ನು ಅದರೊಳಗೆ ಕೂರಿಸಿ ಸುತ್ತಲೂ ಹೊಲಿಗೆ ಹಾಕುತ್ತಾರೆ. ಗಟ್ಟಿಮುಟ್ಟು, ಸುಲಭಕ್ಕೆ ಬಿಡುವುದಿಲ್ಲ. ಕ್ಯಾನ್ವಾಸ್‌ನ ಆಲ್ ಸ್ಟಾರ್ ಜಾತಿಯದು ಬೇರೆ ಥರ. ಬಟ್ಟೆಗೆ ಹಸಿ ರಬ್ಬರಿನ ಪಟ್ಟಿ ಸುತ್ತಿ ಇಡೀ ಬೂಟನ್ನೇ ಕಾವಿನಲ್ಲಿ ಬೇಯಿಸುತ್ತಾರೆ, ಗಂಧಕದ ಜೊತೆ ಬೆಂದ ರಬ್ಬರು ಗಟ್ಟಿಯಾಗುತ್ತದೆ. ಎರಡೂ ಸಪಾಟು. ಅದಕ್ಕೆ ಕಾರಣವೂ ಇದೆ. ಬಾಸ್ಕೆಟ್‌ಬಾಲ್ ಆಟಗಾರ ಓಡುವುದಕ್ಕಿಂತ ಅಡ್ಡಡ್ಡ ಹೊರಳುವುದು, ತಟ್ಟನೆ ನಿಲ್ಲುವುದು ಜಾಸ್ತಿ. ತಳ ಮೆತ್ತಗೆ, ಎತ್ತರವಾಗಿ ಇದ್ದರೆ ಕಣಕಾಲು ಹೊರಳುತ್ತದೆ. ಕಾಲು ನೆಲಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು.

ಆದರೆ ಯಾವ ನೆಲ? ಅವರ ನೆಲ ಮೇಪಲ್ ಮರದ ಹಲಗೆ. ಹಲಗೆಯ ಕೆಳಗೂ ಸ್ವಲ್ಪ ಪೊಳ್ಳು ಇರುತ್ತದೆ, ಹಾರಿ ಬಿದ್ದಾಗ ನೆಲವೇ ಚೂರು ಬಗ್ಗಿ ಏಟು ತಿನ್ನುತ್ತದೆ. ನನ್ನ ನೆಲ ನಾನು ಪಾಠ ಮಾಡುವ ಕಾಲೇಜಿನ ಶಹಾಬಾದ್ ಪರ್ಸಿ, ಅಂದರೆ ಹಾಸುಗಲ್ಲು. ಅದು ಯಾರಿಗೂ ಬಗ್ಗುವುದಿಲ್ಲ. ದಿನಕ್ಕೆ ನಾಲ್ಕು ಪಿರಿಯಡ್ ಅದರ ಮೇಲೆ ನಿಲ್ಲಬೇಕು, ನಡುವೆ ಮೂರು ಮಹಡಿ ಹತ್ತಿ ಇಳಿಯಬೇಕು, ಹಿಂದೆ ಮುಂದೆ ಬಸ್ಸು. ಅರ್ಧ ಬೂಟು, ಅರ್ಧ ನೆಲ ಸೇರಿ ಆಗುವ ಆರಾಮದಲ್ಲಿ ನಾನು ಬೂಟು ಮಾತ್ರ ತಂದಿದ್ದೆ.

ಜೋರ್ಡನ್‌ಗೇ ಮರದ ನೆಲದ ಮೇಲೂ ಅದು ಆಗಿಬರಲಿಲ್ಲ ಅನ್ನುವುದು ನನಗೆ ಒಂದು ಥರ ಸಮಾಧಾನ. 1998ರ ಮಾರ್ಚ್ 8. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ತನ್ನ ಶಿಕಾಗೋ ಬುಲ್ಸ್ ತಂಡದ ಅಂಗಿಯಲ್ಲಿ ಆ ಅಂಗಳದಲ್ಲಿ ಇದೇ ಕೊನೆಯ ಆಟ ಇರಬಹುದು ಅನ್ನಿಸಿ, ತನ್ನ ಶುರುವಿನ ದಿನಗಳ ಜೋರ್ಡನ್ 1 ಬೂಟು ಹುಡುಕಿ ತೆಗೆದು ಹಾಕಿಕೊಂಡ. ಅಷ್ಟೊತ್ತಿಗೆ ಅವನ ಕಾಲಿಗೆ ಅದಕ್ಕಿಂತ ಎಷ್ಟೋ ಮೆತ್ತನೆಯ ಬೂಟುಗಳ ಅಭ್ಯಾಸವಾಗಿತ್ತು. ಅರ್ಧ ಆಟ ಮುಗಿಯುವಾಗ ಪಾದದಲ್ಲಿ ರಕ್ತ. ಬಿಚ್ಚಲಿಲ್ಲ. ಆಟ ಕೈಹಿಡಿದಿತ್ತು, ಬಿಚ್ಚಿದರೆ ಎಲ್ಲಿ ತಪ್ಪಿಹೋಗುತ್ತದೋ ಅಂತ. 42 ಪಾಯಿಂಟ್ ಹೊಡೆದ. ಆ ಬೂಟು ಯಾರ ಹೆಸರಿನದೋ ಅವನ ಕಾಲನ್ನೇ ಅದು ಕಚ್ಚಿತು. ನಾನು ಇನ್ನೇನು?

ನನ್ನದು ರಕ್ತದ ತನಕ ಹೋಗಲಿಲ್ಲ. ಎಂಟು ತಿಂಗಳಾದ ಮೇಲೆ ಒಂದು ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟೆ, ಎಡ ಹಿಮ್ಮಡಿಗೆ ಮೊಳೆ ಹೊಕ್ಕಂತಾಯಿತು. ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆ. ಮರುದಿನ ಮತ್ತೆ ಅದೇ. ಡಾಕ್ಟರು ಹಿಮ್ಮಡಿ ಒತ್ತಿ ನೋಡಿದರು. ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳಿನ ತನಕ ಒಂದು ಪಟ್ಟಿ ಇರುತ್ತದೆ, ಅದು ದಣಿದಿದೆ, ರಾತ್ರಿ ಬಿಗಿಯಾಗಿ ಬೆಳಗ್ಗೆ ಮೊದಲ ಹೆಜ್ಜೆಗೆ ಜಗ್ಗುತ್ತದೆ ಅಂದರು. ಬೂಟಿನ ಮೇಲೆ ಪೂರ್ತಿ ತಪ್ಪು ಹೊರಿಸಲು ನಾನು ತಯಾರಾಗಿಯೇ ಹೋಗಿದ್ದೆ. ಅವರು ಮೊದಲು ಕೇಳಿದ್ದು ತೂಕ, ಆಮೇಲೆ ವಯಸ್ಸು, ಆಮೇಲೆ ದಿನಕ್ಕೆ ಎಷ್ಟು ತಾಸು ನಿಲ್ಲುತ್ತೀರಿ ಅಂತ. ಬೂಟಿನ ಸರದಿ ನಾಲ್ಕನೆಯದು. ಸಪಾಟು ತಳ, ಗಟ್ಟಿ ನೆಲ ಎರಡೂ ಸೇರಿದರೆ ಆಗಿಬರುವುದಿಲ್ಲ ಅಂದರು. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ ಅಂದದ್ದು ಮಾತ್ರ ದೊಡ್ಡ ಪೇಚಾಯಿತು. ಮೆತ್ತನೆ ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಕಾಲಿಟ್ಟ ದಿನ ಅವ್ವ ಸೌಟು ಹಿಡಿದವಳು ಹಾಗೇ ನಿಂತಳು. "ಡಾಕ್ಟರ್ ಹೇಳ್ಯಾರ" ಅಂದೆ. "ದೇವರ ಕೋಣಿ ದಾಟುಮುಂದರ ಬಿಚ್ಚವ್ವಾ" ಅಂದು ಒಲೆ ಕಡೆ ತಿರುಗಿದಳು. ಅವಳ ಕಡೆಯಿಂದ ಅದು ದೊಡ್ಡ ರಿಯಾಯಿತಿ.

ಮೆತ್ತನೆಯ ಬೂಟು ಕೊಂಡೆ. ಅದೇ ಅಂಗಡಿ, ಅದೇ ಹುಡುಗ. ಅವನು ಏನೂ ಅನ್ನಲಿಲ್ಲ. ಅಷ್ಟು ಸೂಕ್ಷ್ಮ ಇತ್ತು ಅವನಿಗೆ.

ಅದರ ಸುಖ ಸುಳ್ಳಲ್ಲ. ಇಡ್ಲಿಯ ಮೇಲೆ ನಡೆದಂತೆ. ಬಸ್ಸಿನಲ್ಲಿ ನಿಂತು ಬಂದರೂ ಕಾಲು ಇದ್ದ ಹಾಗೇ ಇರುತ್ತಿತ್ತು. ಆದರೆ ನೋಡಲು ಉಬ್ಬಿದ ಪೂರಿ. ಕಾಟನ್ ಸೀರೆಯ ಕೆಳಗೆ ಅದು ಇಣುಕಿದರೆ ನಾನು ಕೆಲಗೇರಿ ಕೆರೆಯ ದಂಡೆಯಲ್ಲಿ ಬೆಳಗಿನ ಸುತ್ತು ಹಾಕುವ ಹಿರಿಯರ ಗುಂಪಿನವಳು. ಮೊದಲ ದಿನವೇ ಒಬ್ಬ ವಿದ್ಯಾರ್ಥಿನಿ ಕೇಳಿದಳು, "ಮೇಡಮ್ಮಾರ, ವಾಕಿಂಗ್ ಹೊಂಟೀರೇನ್ರಿ?" ಹಸಿರು ಪಟ್ಟಿಯ ಬೂಟು ಹಾಕಿದ ದಿನ ಇದೇ ಹುಡುಗಿ "ಶೂಸ್ ಮಸ್ತ್ ಅದಾವ್ರಿ" ಅಂದಿದ್ದಳು.

ಇಷ್ಟಕ್ಕೆ ಬೇಜಾರಾಗುವುದು ಚಿಕ್ಕತನ, ಗೊತ್ತು. ಆದರೆ ಮಾತು ಬರೀ ನೋಟದ್ದಲ್ಲ. ಆ ಹಳೇ ಬೂಟು ಹಾಕಿದ ದಿನ ನಾನು ನಿಲ್ಲುವ ರೀತಿಯೇ ಬೇರೆ. ಭುಜ ಹಿಂದೆ ಹೋಗುತ್ತದೆ. ಬೋರ್ಡಿನ ಕಡೆಯಿಂದ ಕ್ಲಾಸಿನ ಕಡೆ ತಿರುಗುವಾಗ ಒಂದು ಕಾಲಿನ ಮೇಲೆ ಗಿರಕಿ ಹೊಡೆಯುತ್ತೇನೆ, ಬಾಲು ಹಿಡಿದವರು ತಿರುಗುವ ಹಾಗೆ. ಯಾರಿಗೂ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ. ಇದನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಹೆಂಗಸರಿಗೆ ಈ ಲೆಕ್ಕ ಇನ್ನೂ ವಿಚಿತ್ರ. ನಮ್ಮ ಚಪ್ಪಲಿ ಅಂಗಡಿಯ ಅರ್ಧ ಗೋಡೆ ನೋವಿನದೇ. ತಂಗಿಯ ಮದುವೆಯಲ್ಲಿ ಮೊನೆ ಹಿಮ್ಮಡಿಯ ಸ್ಯಾಂಡಲ್ ಹಾಕಿ ಆರತಕ್ಷತೆ ಪೂರ್ತಿ ನಕ್ಕವಳು ನಾನು. ಅದರ ಎದುರು ಈ ಸಪಾಟು ಬೂಟು ಗಾದಿ ಇದ್ದ ಹಾಗೆ. ನೋವಾದರೂ ಚಂದ ಇರಲಿ ಅನ್ನುವ ಪಾಠವನ್ನು ಬೂಟಿನಿಂದ ಕಲಿಯುವ ಅಗತ್ಯ ನಮಗೆ ಇರಲಿಲ್ಲ.

ಗಾದಿ ಅಂದದ್ದಕ್ಕೆ ನೆನಪಾಯಿತು. ಮೆತ್ತನೆ ಬೂಟಿನ ಸುಖಕ್ಕೂ ಆಯುಷ್ಯ ಕಡಿಮೆ. ಅದರ ಫೋಮಿನ ತುಂಬ ಸಣ್ಣ ಗಾಳಿಯ ಗುಳ್ಳೆಗಳು. ತುಳಿದು ತುಳಿದು ಅವು ಚಪ್ಪಟೆಯಾಗುತ್ತವೆ. ನನ್ನದು ಒಂದು ವರ್ಷದೊಳಗೆ ಹಳೇ ಗಾದಿಯಾಯಿತು. ಹತ್ತಿ ಗಾದಿಯಾದರೆ ಬಿಚ್ಚಿ, ಹಿಂಜಿ, ಮತ್ತೆ ತುಂಬಿಸಬಹುದು. ಇದಕ್ಕೆ ಆ ದಾರಿ ಇಲ್ಲ. ಇನ್ನೊಂದು ಜಾತಿಯ ಫೋಮು, ಪಾಲಿಯುರೆಥೇನ್, ಇನ್ನೂ ಮಜ. ಹಾಕದೆ ಡಬ್ಬಿಯಲ್ಲಿಟ್ಟರೂ ಗಾಳಿಯ ತೇವ ಹೀರಿ ವರ್ಷಗಳು ಕಳೆದಂತೆ ಒಳಗೇ ಕೊಳೆತು, ಒಂದು ದಿನ ಹಾಕಿಕೊಂಡರೆ ಹಿಟ್ಟು ಹಿಟ್ಟಾಗಿ ಉದುರುತ್ತದೆ. ಹಳೇ ಬೂಟು ಜೋಪಾನ ಮಾಡುವವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಮೊದಲ ದಿನವೇ ಪೂರ್ತಿ ಕೊಟ್ಟು ಬೇಗ ಮುಗಿದುಹೋಗುವ ಸುಖ ಒಂದು. ಮೊದಲು ಏನೂ ಕೊಡದೆ ಮೆಲ್ಲಗೆ ಬರುವ ಸುಖ ಇನ್ನೊಂದು. ಅಜ್ಜನ ಚಪ್ಪಲಿ ಎರಡನೆಯದು. ನನ್ನ ಹಸಿರು ಪಟ್ಟಿಯ ಬೂಟು ಅರ್ಧ ಮಾತ್ರ.

ಎರಡನ್ನೂ ಸೇರಿಸಿ ಮಾಡಬಾರದೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಕಂಪನಿಗೂ ಅನ್ನಿಸಿತ್ತು. 2015ರಲ್ಲಿ ಕಾನ್ವರ್ಸ್ ತನ್ನ ಆಲ್ ಸ್ಟಾರ್‌ನ ಎರಡನೇ ಅವತಾರ ತಂದಿತು. ಮೇಲಿನಿಂದ ಹೆಚ್ಚು ಕಡಿಮೆ ಅದೇ ಬೂಟು, ಒಳಗೆ ನೈಕಿಯ ಲೂನಾರ್‌ಲಾನ್ ಎಂಬ ಮೆತ್ತನೆ ಹಾಸು. ಜನ ಕೊಳ್ಳಲಿಲ್ಲ. ಹೆಚ್ಚು ದಿನ ಅದು ಉಳಿಯಲಿಲ್ಲ. ಕಾಲು ನೋಯುತ್ತದೆ ಅಂತ ಗೊಣಗುತ್ತಲೇ ಹಳೆಯದನ್ನೇ ಕೊಂಡರು. ನಾನೂ ಮನೆಯಲ್ಲಿ ಅದೇ ಪ್ರಯೋಗ ಮಾಡಿದೆ. ಒಳಗಿನ ತೆಳು ಹಾಸು ಕಿತ್ತು ದಪ್ಪದ್ದು ಹಾಕಿದೆ. ಹಿಮ್ಮಡಿ ಮೇಲೆದ್ದು ನಡೆಯುವಾಗ ಹಿಂದೆ ಜಾರತೊಡಗಿತು. ಹೋದ ಗುಳ್ಳೆ ವಾಪಸ್ ಬಂತು.

ಇನ್ನೊಂದು ತೊಂದರೆ ಅಮೆರಿಕದವರಿಗೆ ತಲೆಗೇ ಹೊಳೆದಿರಲಿಕ್ಕಿಲ್ಲ. ನಾವು ದಿನಕ್ಕೆ ಎಷ್ಟು ಸಲ ಬೂಟು ಬಿಚ್ಚುತ್ತೇವೆ? ಮನೆ, ನೆರೆಮನೆ, ಗುಡಿ, ಕೆಲವು ದವಾಖಾನೆ, ಕಂಪ್ಯೂಟರ್ ಲ್ಯಾಬು. ಎತ್ತರದ ಬೂಟಿಗೆ ಎಂಟು ಜೋಡಿ ತೂತು. ಸಿದ್ಧಾರೂಢ ಮಠಕ್ಕೆ ಹೋದ ದಿನ ನಾನು ಲೇಸ್ ಬಿಚ್ಚುವಷ್ಟರಲ್ಲಿ ಅವ್ವ ದರ್ಶನ ಮುಗಿಸುವುದರಲ್ಲಿದ್ದಳು. ರನ್ ಡಿಎಂಸಿ ಎಂಬ ಹಾಡುಗಾರರ ಗುಂಪು 80ರ ದಶಕದಲ್ಲಿ ಸೂಪರ್‌ಸ್ಟಾರ್ ಬೂಟನ್ನು ಲೇಸೇ ಇಲ್ಲದೆ ಹಾಕಿ ಅದನ್ನೇ ಸ್ಟೈಲ್ ಮಾಡಿತು. ಹೊಸಿಲಿಗೆ ಹೊಸಿಲಿಗೆ ಚಪ್ಪಲಿ ಬಿಡುವ ನಮ್ಮೂರಿನಲ್ಲಿ ಆ ಸ್ಟೈಲ್ ಮೊದಲೇ ಹುಟ್ಟಬೇಕಿತ್ತು.

ಹೋದ ಮಳೆಗಾಲದಲ್ಲಿ ಬೂಟಿನ ಹೊಲಿಗೆ ಒಂದು ಕಡೆ ಬಿಟ್ಟಿತು. ದುರ್ಗದ ಬೈಲ್ ಹತ್ತಿರ ರಸ್ತೆ ಬದಿ ಚಪ್ಪಲಿ ಹೊಲಿಯುವ ಕಾಕಾ ಒಬ್ಬರು ಕೂರುತ್ತಾರೆ. ಅವರಿಗೆ ಕೊಟ್ಟೆ. ತಿರುಗಿಸಿ ನೋಡಿದರು. ಚರ್ಮ ಮಡಚಿ ನೋಡಿದರು. ಒಳಗೆ ಕೈ ಹಾಕಿ ಹೆಬ್ಬೆರಳಿನಿಂದ ತಳ ಒತ್ತಿದರು, ಮತ್ತೆ ಒತ್ತಿದರು.

"ಅಕ್ಕಾರ, ಮ್ಯಾಲಿಂದು ಇನ್ನೂ ಹತ್ತ ವರ್ಷ ಬರತೈತ್ರಿ. ಕೆಳಗಿಂದು ನೀವ ತಾಳಕೋಬೇಕು."

ಹೊಲಿಗೆಗೆ 40 ರೂಪಾಯಿ ತಗೊಂಡರು. ಸಲಹೆಗೆ ಏನೂ ಇಲ್ಲ.

ಈಗ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇನೆ. ವಾರದಲ್ಲಿ ಎರಡು ದಿನ, ಎರಡೇ ಪಿರಿಯಡ್ ಇರುವ ದಿನ, ಹಸಿರು ಪಟ್ಟಿಯ ಬೂಟನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೊರಡುತ್ತೇನೆ. ಬಸ್ಸಿನಲ್ಲಿ ಪೂರಿ ಬೂಟು. ವಿದ್ಯಾನಗರದಲ್ಲಿ ಇಳಿದು, ನಿಲ್ದಾಣದ ಬೆಂಚಿನ ಮೇಲೆ ಕೂತು ಬದಲಾಯಿಸುತ್ತೇನೆ. ಮೊದಲ ಸಲ ನಾಚಿಕೆಯಾಯಿತು. ಎರಡನೇ ಸಲ ಲೇಸ್ ಕಟ್ಟುತ್ತಿರುವಾಗ ಅಜ್ಜ ನೆನಪಾದ. ಮಳೆಗಾಲದಲ್ಲಿ ಅವನು ಹುಬ್ಬಳ್ಳಿ ಸಂತೆಗೆ ಹೊರಟರೆ ಚಪ್ಪಲಿ ಕಂಕುಳಲ್ಲಿ ಇರುತ್ತಿತ್ತು. ನಮ್ಮ ಕಡೆಯ ಎರಿಮಣ್ಣು ಒಂದು ಸಲ ಹಿಡಿದರೆ ಚಪ್ಪಲಿಯನ್ನೂ ಬಿಡುವುದಿಲ್ಲ, ಕಾಲನ್ನೂ ಬಿಡುವುದಿಲ್ಲ. ಊರಿನಿಂದ ಡಾಂಬರು ರಸ್ತೆಯ ತನಕ ಬರಿಗಾಲು. ಅಲ್ಲಿ ಕಲ್ಲಿಗೆ ಪಾದ ತಿಕ್ಕಿ, ತಂಬಿಗೆ ನೀರಿನಲ್ಲಿ ತೊಳೆದು, ಧೋತರದ ಚುಂಗಿನಿಂದ ಒರೆಸಿಕೊಂಡು, ಆಮೇಲೆ ಚಪ್ಪಲಿ ಮೆಟ್ಟುತ್ತಿದ್ದ. ಬಸ್ಸು ಹತ್ತುವಾಗ ಅದು ಕಿರ್ ಅನ್ನುತ್ತಿತ್ತು. ಆ ಸಪ್ಪಳಕ್ಕೇ ಅವನು ಅಷ್ಟು ಕಷ್ಟಪಟ್ಟದ್ದು ಅಂತ ಅವ್ವ ಈಗಲೂ ಹೇಳುತ್ತಾಳೆ.

ಮೊನ್ನೆ ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬ ಹಿರಿಯರು ಕೂತಿದ್ದರು. ನಾನು ಒಂದು ಜೋಡಿ ಬಿಚ್ಚಿ ಇನ್ನೊಂದು ಹಾಕುವುದನ್ನು ಪೂರ್ತಿ ನೋಡಿದರು. ಎರಡೂ ಬೂಟು ನೋಡಿದರು, ನನ್ನ ಮುಖ ನೋಡಿದರು.

"ಯಾವದು ಛೊಲೋರಿ?" ಅಂದರು.

"ಎರಡೂ ನಂದ ಅದಾವ್ರಿ ಅಜ್ಜಾರ" ಅಂದೆ.

ಅವರು ತಮ್ಮ ಚೀಲ ಆಚೆ ಸರಿಸಿ, ಪೂರಿ ಬೂಟು ಇಡಲು ನನಗೆ ಇನ್ನಷ್ಟು ಜಾಗ ಬಿಟ್ಟರು.